ಫ್ರೀ ಮಾತ್ರೆಗೆ ಒಂದು ದಿನದ ಕೂಲಿ

ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲಾ ಫ್ರೀ ಅಂತೀವಿ. ಓಪಿಡಿ ಚೀಟಿಗೆ ಹತ್ತೋ ಇಪ್ಪತ್ತೋ ರೂಪಾಯಿ ಕೊಟ್ಟರೆ ಮುಗಿಯಿತು. ಡಾಕ್ಟರ ಫೀಸಿಲ್ಲ. ಬಿಪಿ, ಶುಗರ್ ಮಾತ್ರೆ ಅಲ್ಲೇ ಕೊಡುತ್ತಾರೆ. ಇಷ್ಟಾದರೂ ಎಷ್ಟೋ ಜನ ಮಾತ್ರೆಯನ್ನು ಅರ್ಧಕ್ಕೆ ಬಿಡುತ್ತಾರೆ. ವರ್ಷಗಟ್ಟಲೆ ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತವರ ಮುಖ ಕಾಣದಿದ್ದರೂ ‘ಸುಗ್ಗಿ ಮುಗೀಲಿ, ನೋಡೋಣ’ ಅಂತ ತಳ್ಳುತ್ತಾರೆ. ಓದಿದವರು ಇದಕ್ಕೆ ನಿರ್ಲಕ್ಷ್ಯ ಅಂತ ಹೆಸರಿಟ್ಟು ಸುಮ್ಮನಾಗುತ್ತಾರೆ. ಜನರಿಗೆ ತಿಳಿವಳಿಕೆ ಕಮ್ಮಿ, ಜಾಗೃತಿ ಮೂಡಿಸಬೇಕು ಅಂತ ಭಾಷಣವೂ ಆಗುತ್ತದೆ.

ನನಗೆ ಈ ಮಾತು ಒಪ್ಪಿಗೆಯಿಲ್ಲ. ನಾನು ಲೆಕ್ಕ ಬರೆಯುವ ಕೆಲಸದವಳು. ಯಾವುದಾದರೂ ಫ್ರೀ ಅಂದರೆ ಖರ್ಚು ಯಾರ ಪುಸ್ತಕಕ್ಕೆ ಬಿದ್ದಿದೆ ಅಂತ ಹುಡುಕುವುದು ನನಗೆ ರೂಢಿ. ಆಸ್ಪತ್ರೆಯ ವಿಷಯದಲ್ಲಿ ಹುಡುಕಿದರೆ ಆ ಖರ್ಚು ಬೇಗ ಸಿಗುತ್ತದೆ. ಅದು ರೋಗಿಯ ಮನೆಯಲ್ಲಿದೆ. ಆದರೆ ಅಲ್ಲಿ ಯಾರೂ ಪುಸ್ತಕ ಇಟ್ಟಿರುವುದಿಲ್ಲ, ಅಷ್ಟೇ.

ನಮ್ಮ ದೊಡ್ಡಮ್ಮನ ಊರು ಬಯಲುಸೀಮೆಯಲ್ಲಿದೆ. ಸ್ವಲ್ಪ ಖುಷ್ಕಿ ಜಮೀನು, ಒಂದು ಸೀಮೆಹಸು. ಅವರಿಗೆ ಶುಗರ್ ಇದೆ, ಬಿಪಿಯೂ ಇದೆ. ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗುವ ದಿನ ಏನೂ ತಿನ್ನದೆ ಮೊದಲ ಬಸ್ಸು ಹತ್ತುತ್ತಾರೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಲ್ಲ. ಜೊತೆಗೆ ಮಗ ಇರುತ್ತಾನೆ. ಮೊದಲು ಚೀಟಿ ಮಾಡಿಸುವ ಕೌಂಟರಿನ ಸಾಲು. ಆಮೇಲೆ ಡಾಕ್ಟರ ಕೋಣೆ ಮುಂದೆ ಸಾಲು, ಯಾಕೆಂದರೆ ಅವರು ಬರೆದುಕೊಡದೆ ಲ್ಯಾಬಿನಲ್ಲಿ ರಕ್ತ ತೆಗೆಯುವುದಿಲ್ಲ. ಆಮೇಲೆ ಲ್ಯಾಬಿನ ಸಾಲು. ರಕ್ತ ಕೊಟ್ಟು ಹೊರಗೆ ಬರುವಷ್ಟರಲ್ಲಿ ಹತ್ತೂವರೆ, ಹನ್ನೊಂದು ಆಗಿರುತ್ತದೆ. ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಅಲ್ಲಿಂದ ಎರಡು ಗಂಟೆ ಬಿಟ್ಟು ಮತ್ತೊಮ್ಮೆ ರಕ್ತ ಕೊಡಬೇಕು. ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಓಪಿಡಿ ಮುಗಿದಿರುತ್ತದೆ. ‘ನಾಳೆ ಬಂದು ಡಾಕ್ಟ್ರಿಗೆ ತೋರ್ಸಿ ಅಮ್ಮಾ’ ಅನ್ನುತ್ತಾರೆ. ಹೇಳುವವರು ಒರಟಾಗಿ ಹೇಳುವುದಿಲ್ಲ. ಅವರಿಗೂ ಬೆಳಗಿನಿಂದ ಉಸಿರಾಡಲು ಪುರುಸೊತ್ತಿರುವುದಿಲ್ಲ.

ಆದರೆ ಆ ‘ನಾಳೆ’ಗೆ ಎಷ್ಟು ಖರ್ಚು?

ಕೂಡಿ ನೋಡೋಣ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ತೋಟದ ಕೆಲಸಕ್ಕೆ ಗಂಡಾಳಿಗೆ ಇದಕ್ಕಿಂತ ಜಾಸ್ತಿ ಸಿಗುತ್ತದೆ, ಆದರೂ ಸರ್ಕಾರದ ದರವನ್ನೇ ಹಿಡಿಯೋಣ. ಇಬ್ಬರಿಗೆ 740. ಮಗನ ಬಸ್ ಚಾರ್ಜು, ಇಬ್ಬರ ತಿಂಡಿ, ಕಾಫಿ, ಊಟ, ಆಧಾರ್ ಕಾರ್ಡಿನ ಜೆರಾಕ್ಸು ಎಲ್ಲಾ ಸೇರಿದರೆ ಸಾವಿರ ಮುಟ್ಟುತ್ತದೆ. ಇನ್ನು ಹಸು. ಅದು ದೊಡ್ಡಮ್ಮನ ಕೈಗೆ ಬಿಟ್ಟರೆ ಬೇರೆಯವರ ಕೈಗೆ ಹಾಲು ಬಿಡುವುದಿಲ್ಲ. ಸಂಜೆ ಡೈರಿಗೆ ಹಾಕುವ ಹೊತ್ತಿಗೆ ವಾಪಸ್ ಬರದಿದ್ದರೆ ಒಂದು ಹೊತ್ತಿನ ಹಾಲಿನ ದುಡ್ಡೂ ಹೋಯಿತು. ಇಷ್ಟೆಲ್ಲಾ ಮಾಡಿ ತಂದದ್ದು ಏನು? ಒಂದು ತಿಂಗಳಿಗೆ ಶುಗರಿನ ಮೆಟ್‌ಫಾರ್ಮಿನ್ ಮತ್ತು ಬಿಪಿಯ ಅಮ್ಲೋಡಿಪಿನ್ ಮಾತ್ರೆ. ಜನೌಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡರೂ ಇವೆರಡೂ ಸೇರಿ ನೂರು ರೂಪಾಯಿಯೊಳಗೆ ಬರುತ್ತವೆ.

ನೂರು ರೂಪಾಯಿಯ ಮಾತ್ರೆಯನ್ನು ಫ್ರೀಯಾಗಿ ತರಲು ಸಾವಿರ ರೂಪಾಯಿ. ಹಾಗಿದ್ದ ಮೇಲೆ ಅಂಗಡಿಯಲ್ಲೇ ತಗೊಳ್ಳಬಹುದಲ್ಲ ಅಂತ ಕೇಳಬಹುದು. ಊರಲ್ಲಿ ಜನೌಷಧಿ ಅಂಗಡಿ ಇಲ್ಲ, ಇದ್ದರೂ ಡೋಸ್ ಬದಲಾಯಿಸಲು ಡಾಕ್ಟರು ನೋಡಬೇಕು, ರಕ್ತ ಪರೀಕ್ಷೆ ಆಗಬೇಕು. ಹಾಗಾಗಿ ದೊಡ್ಡಮ್ಮ ಮಾಡಿದ್ದು ಇಷ್ಟೇ, ಹೋಗುವುದನ್ನು ಕಮ್ಮಿ ಮಾಡಿದರು. ಕಾಲು ಜೋಮು ಹಿಡಿಯಲು ಶುರುವಾದಾಗ ನಾನು ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವರು ಹೇಳಿದ್ದು: ‘ಕಾಲು ಜೋಮು ಹಿಡಿದ್ರೂ ದಿನ ನಡೀತದೆ ಕಣೇ, ಹಾಲು ನಿಂತ್ರೆ ನಡೆಯಲ್ಲ.’

ಇದರಲ್ಲಿ ತಿಳಿವಳಿಕೆ ಕಮ್ಮಿ ಎಲ್ಲಿದೆ? ಅವರು ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಾರೆ.

ಒಂದು ಸಣ್ಣ ವಿಷಯ ನೋಡಿ. ಶುಗರ್ ಹತೋಟಿಯಲ್ಲಿದೆಯೋ ಇಲ್ಲವೋ ಅಂತ ತಿಳಿಯಲು ಎಚ್‌ಬಿಎ1ಸಿ ಅಂತ ಇನ್ನೊಂದು ಪರೀಕ್ಷೆ ಇದೆ. ಸುಮಾರು ಮೂರು ತಿಂಗಳ ಸರಾಸರಿ ಗೊತ್ತಾಗುತ್ತದೆ. ಉಪವಾಸ ಇರಬೇಕಿಲ್ಲ, ಯಾವ ಹೊತ್ತಿಗಾದರೂ ಒಂದೇ ಸಲ ರಕ್ತ ಕೊಟ್ಟರೆ ಸಾಕು. ರಕ್ತಹೀನತೆ ಇದ್ದವರಲ್ಲಿ ಇದರ ಫಲಿತಾಂಶ ಹೆಚ್ಚುಕಮ್ಮಿ ಆಗಬಹುದು, ಅದನ್ನು ಡಾಕ್ಟರು ನೋಡಿಕೊಳ್ಳಬೇಕು. ಆದರೆ ಇದು ಸಾದಾ ಶುಗರ್ ಟೆಸ್ಟಿಗಿಂತ ದುಬಾರಿ. ಖಾಸಗಿ ಲ್ಯಾಬಿನಲ್ಲಿ ನೂರಾರು ರೂಪಾಯಿ ಆಗುತ್ತದೆ. ಹಾಗಾಗಿ ಆಸ್ಪತ್ರೆ ಅಗ್ಗದ ಟೆಸ್ಟ್ ಬರೆಯುತ್ತದೆ. ಆಸ್ಪತ್ರೆಯ ಪುಸ್ತಕದಲ್ಲಿ ದುಡ್ಡು ಉಳಿಯಿತು, ಆಡಿಟಿನವರಿಗೂ ಸಂತೋಷ. ಆದರೆ ಆ ಅಗ್ಗದ ಟೆಸ್ಟಿಗಾಗಿ ಖಾಲಿ ಹೊಟ್ಟೆಯ ಪ್ರಯಾಣ, ಎರಡು ಗಂಟೆ ಕಾಯುವುದು, ‘ನಾಳೆ ಬನ್ನಿ’ ಎಲ್ಲಾ ದೊಡ್ಡಮ್ಮನ ಪಾಲಿಗೆ ಬಿತ್ತು. ಇಬ್ಬರ ಖರ್ಚನ್ನೂ ಕೂಡಿದರೆ ಅಗ್ಗದ ಟೆಸ್ಟೇ ದುಬಾರಿ. ನಾನು ಹೇಳಬೇಕೆಂದಿರುವುದು ಇದನ್ನೇ. ರೋಗಿಯ ಅನುಕೂಲ ಅಂದರೆ ಎಸಿ ಹಾಲು, ಮೆತ್ತನೆ ಕುರ್ಚಿ ಅಂತ ನಾವು ತಿಳಿದಿದ್ದೇವೆ. ಕೈಯಲ್ಲಿ ದುಡ್ಡು ಉಳಿದರೆ ಮಾಡುವ ಕೆಲಸ ಅಂತ ಅದನ್ನು ಪಟ್ಟಿಯ ಕೊನೆಗೆ ಹಾಕಿದ್ದೇವೆ. ನಿಜವಾಗಿ ಅದು ಬೆಲೆಯೇ. ಬಿಲ್ಲಿನಲ್ಲಿ ಬರೆಯದ ಬೆಲೆ.

ಅರ್ಥಶಾಸ್ತ್ರದಲ್ಲಿ ಇದು ಹೊಸ ಮಾತಲ್ಲ. ಆಕ್ಟನ್ ಎಂಬ ಅರ್ಥಶಾಸ್ತ್ರಜ್ಞ ನ್ಯೂಯಾರ್ಕ್ ನಗರದ ಸರ್ಕಾರಿ ಆಸ್ಪತ್ರೆಗಳ ಹೊರರೋಗಿಗಳ ಬಗ್ಗೆ 1975ರಲ್ಲಿ ಒಂದು ಲೇಖನ ಬರೆದರು. ಚಿಕಿತ್ಸೆಗೆ ಕೊಡುವ ದುಡ್ಡು ಕಮ್ಮಿಯಾಗುತ್ತಾ ಹೋದ ಹಾಗೆ ಸಮಯವೇ ಅದರ ಬೆಲೆಯಾಗುತ್ತದೆ ಅನ್ನುವುದು ಅವರ ವಾದ. ಫ್ರೀ ಆಸ್ಪತ್ರೆ ದೂರವಾದಷ್ಟೂ ಜನ ಬರುವುದು ಕಮ್ಮಿಯಾಗುತ್ತದೆ, ಫೀಸು ಏರಿಸಿದಾಗ ಕಮ್ಮಿಯಾಗುವ ಹಾಗೆಯೇ. ಅಮೆರಿಕದಲ್ಲೇ 2015ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ ಹೀಗಿದೆ. ಡಾಕ್ಟರ ಬಳಿಗೆ ಒಂದು ಸಲ ಹೋಗಿಬರಲು ಸರಾಸರಿ 121 ನಿಮಿಷ. ಅದರಲ್ಲಿ ಡಾಕ್ಟರ ಎದುರು ಕೂತಿರುವುದು 20 ನಿಮಿಷ. ಆ ಸಮಯಕ್ಕೆ ಬೆಲೆ ಕಟ್ಟಿದರೆ 43 ಡಾಲರ್, ರೋಗಿ ಕೈಯಿಂದ ಕೊಡುವ ಸರಾಸರಿ ದುಡ್ಡಿಗಿಂತಲೂ ಜಾಸ್ತಿ. ಕಾರಿನಲ್ಲಿ ಹೋಗಿಬರುವ, ಅಪಾಯಿಂಟ್‌ಮೆಂಟ್ ಸಿಗುವ ದೇಶದ ಲೆಕ್ಕ ಇದು. ನಮ್ಮಲ್ಲಿ ಬೆಳಗಿನ ಜಾವ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವವರ ಸಮಯಕ್ಕೆ ಹೀಗೆ ಬೆಲೆ ಕಟ್ಟುವವರು ಕಮ್ಮಿ.

ನಮ್ಮ ದೇಶದ ಆರೋಗ್ಯ ಖರ್ಚಿನ ಅಧಿಕೃತ ಲೆಕ್ಕದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ಕ್ಕೆ ಶೇ 39.4ಕ್ಕೆ ಇಳಿದಿದೆ. ಒಳ್ಳೆಯ ಸುದ್ದಿ, ಸಂತೋಷಪಡಬೇಕು. ಆದರೆ ಹೋದ ಕೂಲಿ ಈ ಲೆಕ್ಕದಲ್ಲಿ ಇಲ್ಲ. ಹಾಳಾದ ಹಾಲಂತೂ ಇಲ್ಲವೇ ಇಲ್ಲ. ಮನೆಯಲ್ಲಿರುವ ಹೆಂಗಸರ ಸಮಯಕ್ಕೆ ಅಲ್ಲಿ ಜಾಗವೇ ಇಲ್ಲ. ‘ಅವಳಿಗೇನು, ಮನೇಲಿ ಇರ್ತಾಳೆ, ಜೊತೆಗೆ ಹೋಗ್ತಾಳೆ ಬಿಡು’ ಅಂತ ನಾವೇ ಹೇಳುತ್ತೇವೆ, ಅಲ್ವಾ? ವಾರ್ಡಿನಲ್ಲಿ ‘ಪೇಷೆಂಟ್ ಕಡೆಯವರು ಯಾರ್ರೀ’ ಅಂತ ಕೂಗಿದಾಗ ಎದ್ದು ಓಡುವುದು, ರಕ್ತದ ಬಾಟಲಿ ಹಿಡಿದು ಲ್ಯಾಬಿಗೆ ಹೋಗುವುದು, ಸ್ಟ್ರೆಚರ್ ತಳ್ಳುವುದು, ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗುವುದು ಎಲ್ಲಾ ಆಸ್ಪತ್ರೆ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ. ನಮ್ಮ ಮನೆಯ ಹೆಂಗಸರು ಅದನ್ನು ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದಾರೆ.

ಕ್ಷಯದ ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಔಷಧಿ ಖರ್ಚಿನ ಜೊತೆಗೆ ಓಡಾಟ, ಊಟ, ಹೋದ ಕೂಲಿ ಎಲ್ಲವನ್ನೂ ಸೇರಿಸುತ್ತದೆ. ಅದು ಮನೆಯ ವರ್ಷದ ಆದಾಯದ ಶೇ 20 ದಾಟಿದರೆ ಆ ಕುಟುಂಬಕ್ಕೆ ದೊಡ್ಡ ಪೆಟ್ಟು ಬಿದ್ದಿದೆ ಅಂತ ಎಣಿಸುತ್ತದೆ. ನಮ್ಮಲ್ಲಿ 2018ರಿಂದ ಕ್ಷಯ ರೋಗಿಗಳ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1,000 ಆಗಿದೆ. ಮೊದಲು ವಾರಕ್ಕೆ ಮೂರು ಸಲ ಕೇಂದ್ರಕ್ಕೆ ಹೋಗಿ ಸಿಬ್ಬಂದಿ ಎದುರಲ್ಲೇ ಮಾತ್ರೆ ನುಂಗಬೇಕಿತ್ತು. ಆ ಪದ್ಧತಿ ರೂಪಿಸಿದವರ ಉದ್ದೇಶ ಒಳ್ಳೆಯದೇ, ಮಾತ್ರೆ ತಪ್ಪಬಾರದು ಅಂತ. ಆದರೆ ಕೆಲಸಕ್ಕೆ ಹೋಗುವ ಮನುಷ್ಯ ವಾರಕ್ಕೆ ಮೂರು ದಿನ ಬೆಳಿಗ್ಗೆ ಅಲ್ಲಿ ನಿಂತರೆ ಮೇಸ್ತ್ರಿ ಅವನನ್ನು ಎಷ್ಟು ದಿನ ಕೆಲಸದಲ್ಲಿ ಇಟ್ಟುಕೊಳ್ಳುತ್ತಾನೆ?

ಅನುಕೂಲ ಮಾಡಿಕೊಟ್ಟರೆ ಖರ್ಚು ಜಾಸ್ತಿಯಾಗುತ್ತದೆ ಅನ್ನುವವರಿಗೆ ನಾನು ಯಾವಾಗಲೂ ಹೇಳುವುದು ರಾಜಸ್ಥಾನದ ಉದಯಪುರದ ಕತೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳಲ್ಲಿ ಮಕ್ಕಳ ಲಸಿಕೆಯ ಬಗ್ಗೆ ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಲಸಿಕೆ ಫ್ರೀ. ಆದರೆ ತಾಯಂದಿರು ಮಗುವನ್ನು ಎತ್ತಿಕೊಂಡು ಉಪಕೇಂದ್ರದವರೆಗೆ ನಡೆದು ಹೋದರೆ ಬಾಗಿಲು ಹಾಕಿರುತ್ತಿತ್ತು. ಏನೂ ಬದಲಾಯಿಸದ ಹಳ್ಳಿಗಳಲ್ಲಿ ಎಲ್ಲಾ ಲಸಿಕೆ ಪೂರ್ತಿಯಾದ ಮಕ್ಕಳು ಶೇ 6. ಪ್ರತಿ ತಿಂಗಳು ತಪ್ಪದೆ ಊರಿನಲ್ಲೇ ಶಿಬಿರ ನಡೆಸಿದಲ್ಲಿ ಶೇ 18. ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕೆಜಿ ಬೇಳೆ, ಎಲ್ಲಾ ಲಸಿಕೆ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟಲ್ಲಿ ಶೇ 39.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಲೆಕ್ಕದವಳಾಗಿ ನನಗೆ ಮುಖ್ಯವಾಗಿ ಕಂಡದ್ದು ಅದರ ಮುಂದಿನ ಸಾಲು. ಒಂದು ಮಗುವಿಗೆ ಪೂರ್ತಿ ಲಸಿಕೆ ಹಾಕಲು ಬೇಳೆ ಇಲ್ಲದ ಶಿಬಿರದಲ್ಲಿ ತಗುಲಿದ ಖರ್ಚು 56 ಡಾಲರ್. ಬೇಳೆ ಕೊಟ್ಟ ಶಿಬಿರದಲ್ಲಿ 28. ಬೇಳೆಗೆ ದುಡ್ಡು ಹಾಕಿದ ಮೇಲೂ ಖರ್ಚು ಅರ್ಧಕ್ಕೆ ಇಳಿಯಿತು. ಕಾರಣ ತುಂಬಾ ಸರಳ. ನರ್ಸ್ ಹೇಗೂ ಬಂದು ಕೂತಿರುತ್ತಾರೆ, ಅವರ ಸಂಬಳ ಹೇಗೂ ಕೊಡಬೇಕು. ಐದು ಮಕ್ಕಳು ಬಂದರೂ ಅದೇ ಸಂಬಳ, ಇಪ್ಪತ್ತು ಮಕ್ಕಳು ಬಂದರೂ ಅದೇ ಸಂಬಳ. ಜನಕ್ಕೆ ಬರಲು ಸುಲಭ ಮಾಡಿದರೆ ಆ ಸಂಬಳ ಪೂರ್ತಿ ಕೆಲಸಕ್ಕೆ ಬರುತ್ತದೆ.

ಕಣ್ಣಿನ ಡಾಕ್ಟರುಗಳಿಗೆ ಇದು ಬಹಳ ಮೊದಲೇ ಅರ್ಥವಾಗಿತ್ತು. ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರಿಂದೂರಿಗೆ ಶಿಬಿರ ಹೊತ್ತುಕೊಂಡು ಹೋದವರು. ಶಾಲೆಯ ಕೊಠಡಿಯೇ ಆಪರೇಷನ್ ಥಿಯೇಟರ್ ಆಗುತ್ತಿತ್ತು. ಹಳೆಯ ತಲೆಮಾರಿನವರು ಅವರನ್ನು ಈಗಲೂ ಕಣ್ಣು ಕೊಟ್ಟ ಅಣ್ಣ ಅಂತ ನೆನೆಯುತ್ತಾರೆ. ಮದುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳ ಅರವಿಂದ್ ಕಣ್ಣಿನ ಆಸ್ಪತ್ರೆ ಶುರು ಮಾಡಿದರು. ಆ ಪ್ರದೇಶದ ಹಳ್ಳಿಗಳಲ್ಲಿ ನಡೆದ, 1991ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಕೆಲವು ಹಳ್ಳಿಗಳಲ್ಲಿ ಪೊರೆಯ ಆಪರೇಷನ್ ಮಾತ್ರ ಫ್ರೀ ಅಂದರು. ಇನ್ನು ಕೆಲವು ಹಳ್ಳಿಗಳಲ್ಲಿ ಕರೆದುಕೊಂಡು ಹೋಗಿ ಬಿಡುವುದು, ಊಟ ಎಲ್ಲವನ್ನೂ ತಾವೇ ನೋಡಿಕೊಂಡರು. ಎರಡನೆಯ ಕಡೆ ಜಾಸ್ತಿ ಜನ ಒಪ್ಪಿ ಬಂದರು. 1999ರ ಇನ್ನೊಂದು ಅಧ್ಯಯನ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಕಂಡದ್ದು: ಊರ ಹತ್ತಿರ ಕಣ್ಣಿನ ಶಿಬಿರ ನಡೆದರೂ ಕಣ್ಣಿನ ತೊಂದರೆ ಇದ್ದವರಲ್ಲಿ ಬಂದವರು ಶೇ 7ರಷ್ಟು. ಶಿಬಿರ ಅಂದರೆ ಅದು ನಡೆಯುವ ದಿನ ನಮಗೆ ಬಿಡುವಿರಬೇಕು. ಇದನ್ನು ನೋಡಿ ಅರವಿಂದ್‌ನವರು ಶಿಬಿರದಲ್ಲೇ ನಿಲ್ಲಲಿಲ್ಲ. ಸಣ್ಣ ಊರುಗಳಲ್ಲಿ ವರ್ಷವಿಡೀ ತೆರೆದಿರುವ ಕಣ್ಣಿನ ಕೇಂದ್ರಗಳನ್ನು ಮಾಡಿದರು. ಅಲ್ಲಿ ತರಬೇತಾದ ಹುಡುಗಿಯರು ಪರೀಕ್ಷೆ ಮಾಡುತ್ತಾರೆ, ದೊಡ್ಡಾಸ್ಪತ್ರೆಯ ಡಾಕ್ಟರು ವಿಡಿಯೋದಲ್ಲಿ ನೋಡುತ್ತಾರೆ. ಬಹಳಷ್ಟು ಜನಕ್ಕೆ ಕನ್ನಡಕವೋ ಕಣ್ಣಿನ ಡ್ರಾಪ್ಸೋ ಸಾಕಾಗಿರುವಾಗ ಅವರೆಲ್ಲ ಯಾಕೆ ಮದುರೈಗೆ ಹೋಗಬೇಕು?

ರೋಗಿಯ ದಿನಗಳನ್ನು ಉಳಿಸುವುದಕ್ಕೆ ವಿಜ್ಞಾನವೂ ಕೈಜೋಡಿಸಬಹುದು. ಸ್ತನ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ರೇಡಿಯೇಷನ್ ಕೊಡುತ್ತಾರೆ. ಮೊದಲೆಲ್ಲ ವಾರಕ್ಕೆ ಐದು ದಿನದ ಹಾಗೆ ಐದು ವಾರ, ಒಟ್ಟು 25 ಸಲ. ಪ್ರತಿ ಸಲ ಮಷೀನಿನ ಕೆಳಗೆ ಇರುವುದು ಕೆಲವೇ ನಿಮಿಷ. ಆದರೆ ರಾಯಚೂರಿನಿಂದಲೋ ಬೀದರಿನಿಂದಲೋ ಬೆಂಗಳೂರಿಗೆ ಬಂದ ಹೆಂಗಸು ದಿನದ ಆ ಕೆಲವು ನಿಮಿಷಕ್ಕಾಗಿ ಒಂದು ತಿಂಗಳ ಮೇಲೆ ಇಲ್ಲೇ ಇರಬೇಕು. ರೂಮಿನ ಬಾಡಿಗೆ, ಊಟ, ಜೊತೆಗೆ ಬಂದವರ ಕೂಲಿ, ಊರಲ್ಲಿ ಬಿಟ್ಟು ಬಂದ ಮಕ್ಕಳು. ಬ್ರಿಟನ್ನಿನ ಸಂಶೋಧಕರು 15 ಸಲದಲ್ಲಿ, ಅಂದರೆ ಮೂರೇ ವಾರದಲ್ಲಿ, ಅಷ್ಟೇ ಪರಿಣಾಮದ ಚಿಕಿತ್ಸೆ ಮುಗಿಸಬಹುದು ಅಂತ ತೋರಿಸಿದರು. 2008ರಲ್ಲಿ ಮೊದಲ ಫಲಿತಾಂಶ ಬಂತು, ಹತ್ತು ವರ್ಷದ ಫಲಿತಾಂಶವೂ ಅದನ್ನೇ ಹೇಳಿತು. ಎಷ್ಟೋ ರೋಗಿಗಳಿಗೆ ಐದೇ ಸಲದಲ್ಲಿ, ಒಂದು ವಾರದಲ್ಲಿ ಮುಗಿಸಬಹುದು ಅಂತ 2020ರಲ್ಲಿ ಅವರೇ ಇನ್ನೊಂದು ಫಲಿತಾಂಶ ಕೊಟ್ಟರು. ಐದು ವಾರ ಒಂದು ವಾರವಾದರೆ ಮಷೀನು ಇನ್ನಷ್ಟು ಜನಕ್ಕೆ ಸಿಗುತ್ತದೆ, ಆಸ್ಪತ್ರೆಗೂ ಲಾಭ. ಆದರೆ ಆ ಹೆಂಗಸಿಗೆ ಸಿಗುವುದು ತನ್ನ ಮನೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಊರಿಗೆ ಹೊರಟುಹೋದವರ ಕತೆಗಳನ್ನು ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ವಾರಗಳ ಲೆಕ್ಕ.

ಡಯಾಲಿಸಿಸ್ಸಿಗೆ ಮಾತ್ರ ಇಂಥ ಸುಲಭದ ದಾರಿ ಇಲ್ಲ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ವರ್ಷಕ್ಕೆ 156 ಸಲ. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಮಷೀನು ಬಂದಿರುವುದನ್ನು ನಾನು ದೊಡ್ಡ ಕೆಲಸ ಅಂತಲೇ ಎಣಿಸುತ್ತೇನೆ. ಜಿಲ್ಲಾ ಕೇಂದ್ರಕ್ಕೆ ವಾರಕ್ಕೆ ಮೂರು ಸಲ ಓಡಾಡಿ ಯಾರೂ ಯಾವ ಕೆಲಸದಲ್ಲೂ ಉಳಿಯಲಾರರು. ಕಿಡ್ನಿ ಹಾಳಾಗಲು ನಮ್ಮ ದೇಶದಲ್ಲಿ ದೊಡ್ಡ ಕಾರಣ ಶುಗರ್ ಕಾಯಿಲೆ ಅನ್ನುವುದನ್ನೂ ಇಲ್ಲೇ ನೆನೆಯಬೇಕು. ಮೇಲೆ ಹೇಳಿದ ಅಗ್ಗದ ಟೆಸ್ಟಿನಲ್ಲಿ ಆಸ್ಪತ್ರೆ ಉಳಿಸಿದ ದುಡ್ಡು ಕೆಲವು ವರ್ಷ ಕಳೆದು ಇನ್ನೊಂದು ವಾರ್ಡಿನ ಖರ್ಚಾಗಿ ಸರ್ಕಾರದ ಪುಸ್ತಕಕ್ಕೇ ವಾಪಸ್ ಬರುತ್ತದೆ. ಅಷ್ಟರಲ್ಲಿ ಒಬ್ಬ ಮನುಷ್ಯನ ಕಿಡ್ನಿ ಹೋಗಿರುತ್ತದೆ.

ಇನ್ನು ಊರಲ್ಲಿ ಸಂಜೆ ಹೊತ್ತು ಸೂಜಿ ಚುಚ್ಚುವ ‘ಡಾಕ್ಟರ’ ವಿಷಯ. ಓದಿಲ್ಲ, ಲೈಸೆನ್ಸ್ ಇಲ್ಲ. ಬೇಕಿಲ್ಲದ ಆ್ಯಂಟಿಬಯಾಟಿಕ್, ಬೇಕಿಲ್ಲದ ಗ್ಲೂಕೋಸ್ ಬಾಟಲಿ. ಇವರಿಂದ ಆಗುವ ಅನಾಹುತ ಸಣ್ಣದಲ್ಲ, ನಾನು ಒಂದು ಮಾತನ್ನೂ ಅವರ ಪರವಾಗಿ ಹೇಳುವುದಿಲ್ಲ. ಆದರೆ ಜನ ಯಾಕೆ ಹೋಗುತ್ತಾರೆ ಅಂತ ಕೇಳಿ ನೋಡಿ. ಸಂಜೆ ಏಳಕ್ಕೆ ಸಿಗುತ್ತಾನೆ. ಕೆಲಸ ಮುಗಿಸಿ ಕೈಕಾಲು ತೊಳೆದು ಹೋಗಬಹುದು. ಊರಲ್ಲೇ ಇದ್ದಾನೆ. ದುಡ್ಡಿಲ್ಲ ಅಂದರೆ ‘ವಾರ ಬಿಟ್ಟು ಕೊಡಿ’ ಅನ್ನುತ್ತಾನೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಅವನಿಗೆ ಕೊಡುವ ದುಡ್ಡು ಸರ್ಕಾರಿ ಆಸ್ಪತ್ರೆಯ ಫ್ರೀಗಿಂತ ಕಮ್ಮಿ. ದಾಳಿ ಮಾಡಿ ಅಂಗಡಿ ಮುಚ್ಚಿಸಿದರೆ ಸಾಲದು. ಅವನು ಕೊಡುತ್ತಿದ್ದ ಸಂಜೆ ಏಳು ಗಂಟೆಯನ್ನು ಓದಿದ ಡಾಕ್ಟರು ಕೊಡಬೇಕು. ಬೆಂಗಳೂರಿನಲ್ಲಿ ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ಗಳು ಶುರುವಾದಾಗ ನನಗೆ ಬಹಳ ಖುಷಿಯಾಗಿತ್ತು. ನಡೆದು ಹೋಗುವಷ್ಟು ಹತ್ತಿರ, ಔಷಧಿ ಫ್ರೀ, ಲ್ಯಾಬ್ ಫ್ರೀ. ಆದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ ಅನ್ನುವ ಹೊತ್ತು ಗಾರ್ಮೆಂಟ್ಸಿಗೆ ಹೋಗುವ ಹೆಂಗಸಿಗೆ, ಗಾರೆ ಕೆಲಸದವರಿಗೆ ಯಾವ ಉಪಯೋಗಕ್ಕೆ ಬರುತ್ತದೆ? ಅದೇ ಸಿಬ್ಬಂದಿ, ಅದೇ ಸಂಬಳದಲ್ಲಿ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಕ್ಲಿನಿಕ್ ತೆರೆದಿಟ್ಟರೆ ಅದು ಬೇರೆಯೇ ಕ್ಲಿನಿಕ್ ಆಗುತ್ತದೆ. ದುಡಿಯುವ ಜನ ಇರುವ ಏರಿಯಾಗಳಲ್ಲೆಲ್ಲ ಹೀಗೆ ಮಾಡಬೇಕು.

ಅದೇ ನಗರದಲ್ಲಿ ನನ್ನಂಥವರಿಗೆ ಎಲ್ಲವೂ ಮನೆ ಬಾಗಿಲಿಗೆ ಬರುತ್ತದೆ. ಬೆಳಿಗ್ಗೆ ಆರೂವರೆಗೆ ಹುಡುಗ ಬಂದು ರಕ್ತ ತಗೊಂಡು ಹೋಗುತ್ತಾನೆ, ಮಧ್ಯಾಹ್ನ ಫೋನಿಗೆ ರಿಪೋರ್ಟ್ ಬರುತ್ತದೆ, ಸಂಜೆ ವಿಡಿಯೋದಲ್ಲಿ ಡಾಕ್ಟರು ಸಿಗುತ್ತಾರೆ, ರಾತ್ರಿಯೊಳಗೆ ಮಾತ್ರೆ ಬರುತ್ತದೆ. ಆಫೀಸಿಗೆ ಅರ್ಧ ಗಂಟೆಯೂ ತಡವಾಗುವುದಿಲ್ಲ. ಹೋಗಲಿ ರಜೆ ಹಾಕಿದರೂ ನನ್ನ ಸಂಬಳ ಕಡಿತವಾಗುವುದಿಲ್ಲ. ದಿನ ಕಳೆದುಕೊಂಡರೆ ಅನ್ನ ಕಳೆದುಕೊಳ್ಳುವವರಿಗೆ ಮಾತ್ರ ದಿನಗಟ್ಟಲೆ ಕಾಯುವ ವ್ಯವಸ್ಥೆ ಇಟ್ಟಿದ್ದೇವೆ. ಇದು ನನ್ನನ್ನು ಬಹಳ ಕಾಡುತ್ತದೆ.

ಸರ್ಕಾರಗಳಿಗೆ ಇದು ಹೊಳೆದೇ ಇಲ್ಲ ಅಂತಲ್ಲ. 2017ರಲ್ಲಿ ಶುರುವಾದ ರಾಷ್ಟ್ರಮಟ್ಟದ ಬಿಪಿ ನಿಯಂತ್ರಣ ಯೋಜನೆಯಲ್ಲಿ ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಡುವುದು, ಮನೆಗೆ ಹತ್ತಿರದ ಕೇಂದ್ರದಲ್ಲೇ ಬಿಪಿ ನೋಡುವುದು ಅಂತ ಮಾಡಿದರು. ತಮಿಳುನಾಡು 2021ರ ಆಗಸ್ಟಿನಲ್ಲಿ ಬಿಪಿ, ಶುಗರ್ ಮಾತ್ರೆಗಳನ್ನು ಮನೆಗೇ ತಲುಪಿಸಲು ಶುರು ಮಾಡಿತು. ನಮ್ಮಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಫ್ರೀಯಾಗಿ ಕೊಡುತ್ತಾರೆ. 2024ರಲ್ಲಿ ಗೃಹ ಆರೋಗ್ಯ ಕೋಲಾರದಿಂದ ಶುರುವಾಯಿತು, ಮನೆಗೇ ಬಂದು ಬಿಪಿ, ಶುಗರ್ ನೋಡುವ ಯೋಜನೆ. ಆರೋಗ್ಯ ಇಲಾಖೆಯದಲ್ಲದಿದ್ದರೂ ಶಕ್ತಿ ಯೋಜನೆಯನ್ನು ನಾನು ಈ ಪಟ್ಟಿಗೆ ಸೇರಿಸುತ್ತೇನೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತಲ್ಲ, ‘ನಿನ್ನ ಬಸ್ ಚಾರ್ಜಿಗೆ ದುಡ್ಡೆಲ್ಲಿ’ ಅನ್ನುವ ಒಂದು ಅಡ್ಡಿ ಅಂದೇ ಹೋಯಿತು. ಈಗ ನಮ್ಮ ಕಡೆ ಎಷ್ಟೋ ಹೆಂಗಸರು ಯಾರ ಒಪ್ಪಿಗೆಗೂ ಕಾಯದೆ ಪಕ್ಕದ ಮನೆಯವಳನ್ನು ಕರೆದುಕೊಂಡು ತಾವೇ ಆಸ್ಪತ್ರೆಗೆ ಹೋಗಿಬರುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಬೇಕೇ ಬೇಕು. ಮನೆ ಬಾಗಿಲಿಗೆ ಅಂದ ಕೂಡಲೇ ಆ ಬಾಗಿಲವರೆಗೆ ನಡೆಯುವವರು ಆಶಾ ಕಾರ್ಯಕರ್ತೆಯರು. ಮಾತ್ರೆ ಮುಟ್ಟಿಸುವುದು, ಬಿಪಿ ನೋಡುವುದು, ಅದನ್ನು ಮೊಬೈಲಿನಲ್ಲಿ ತುಂಬುವುದು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದು ನೆನಪಿರಬೇಕು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ ಗೌರವಧನ. ಕನಿಷ್ಠ 10,000ದ ಭರವಸೆ ಸಿಕ್ಕಿತು. ರೋಗಿ ಬಿಸಿಲಲ್ಲಿ ನಡೆಯುವುದನ್ನು ತಪ್ಪಿಸಿ, ಅದೇ ಬಿಸಿಲಲ್ಲಿ ಕಮ್ಮಿ ದುಡ್ಡಿಗೆ ಇನ್ನೊಬ್ಬ ಹೆಂಗಸನ್ನು ನಡೆಸಿದರೆ ಖರ್ಚು ಕಮ್ಮಿಯಾಗಲಿಲ್ಲ. ಇನ್ನೊಬ್ಬರ ಮನೆಗೆ ಹೋಯಿತು ಅಷ್ಟೇ. ಅವರ ನಡಿಗೆಗೂ ಪೂರ್ತಿ ಕೂಲಿ ಕಟ್ಟಿ ಆಮೇಲೆ ಹೋಲಿಸಿ ನೋಡಲಿ. ಆಗಲೂ ಒಬ್ಬ ಕಾರ್ಯಕರ್ತೆ ಒಂದು ಬೀದಿಯ ಇಪ್ಪತ್ತು ಮನೆಗೆ ಹೋಗುವುದು ಇಪ್ಪತ್ತು ಜನ ಜೊತೆಗೊಬ್ಬರನ್ನು ಕರೆದುಕೊಂಡು ಪಟ್ಟಣಕ್ಕೆ ಹೋಗುವುದಕ್ಕಿಂತ ಎಷ್ಟೋ ಅಗ್ಗ.

ದೊಡ್ಡ ಯೋಜನೆಗೆ ಕಾಯದೆಯೂ ಮಾಡಬಹುದಾದ ಕೆಲಸಗಳಿವೆ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಅಂತ ಇದೆ. ಅದರಲ್ಲಿ ಊರಿನವರೂ ಇರುತ್ತಾರೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ. ಸಭೆಯಲ್ಲಿ ಸಾಮಾನ್ಯವಾಗಿ ಮಾತಾಗುವುದು ಬಣ್ಣ, ನೀರಿನ ಟ್ಯಾಂಕು, ಕಾಂಪೌಂಡ್ ಗೋಡೆ. ಅಲ್ಲಿ ಇದನ್ನೂ ಕೇಳಬಹುದು. ಹಳ್ಳಿಗಳ ಮೊದಲ ಬಸ್ಸು ಪಟ್ಟಣ ಮುಟ್ಟುವುದು ಎಷ್ಟು ಗಂಟೆಗೆ, ಲ್ಯಾಬ್ ಬಾಗಿಲು ತೆಗೆಯುವುದು ಎಷ್ಟು ಗಂಟೆಗೆ? ಹಳೆಯ ಶುಗರ್ ರೋಗಿಗಳಿಗೆ ಹಿಂದಿನ ಭೇಟಿಯಲ್ಲೇ ಮುಂದಿನ ಟೆಸ್ಟ್ ಬರೆದುಕೊಟ್ಟರೆ ಬೆಳಿಗ್ಗೆ ನೇರ ಲ್ಯಾಬಿಗೆ ಹೋಗಬಹುದಲ್ಲ? ಮಧ್ಯಾಹ್ನ ರಿಪೋರ್ಟ್ ತೋರಿಸಲು ಒಬ್ಬ ಡಾಕ್ಟರು ಒಂದು ಗಂಟೆ ಕೂರಬಹುದಾ? ಕಾಯಿಲೆ ಹತೋಟಿಯಲ್ಲಿ ಇರುವವರಿಗೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು ಸ್ಟಾಕ್ ತರಿಸಬಹುದಾ? ಜೊತೆಗೆ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಕಾಯಿಲೆಯ ಪಕ್ಕ ಇನ್ನೆರಡು ಕಾಲಂ ಹಾಕಿಸಲಿ. ಒಂದರಲ್ಲಿ ರೋಗಿ ಮನೆ ಬಿಟ್ಟ ಹೊತ್ತು, ಇನ್ನೊಂದರಲ್ಲಿ ಇದೇ ಕೆಲಸಕ್ಕೆ ಎಷ್ಟನೇ ಸಲ ಬಂದಿದ್ದಾರೆ ಅನ್ನುವುದು. ಒಂದು ತಿಂಗಳು ಬರೆದು, ಕೊನೆಯಲ್ಲಿ ಮೊತ್ತ ಹಾಕಿ ಸಭೆಯ ಮುಂದೆ ಇಡಲಿ. ಕೂಡುವ ಕೆಲಸಕ್ಕೆ ಜನ ಬೇಕಾದರೆ ನನ್ನಂಥ ಲೆಕ್ಕದವರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ, ಬಂದು ಮಾಡಿಕೊಡುತ್ತೇವೆ.